ಸಹಿ ಹಾಕಿದವರು ಪಾರಾದದ್ದು ಹೇಗೆ?

ಓದುಗರ ಪತ್ರ: ಕಂಪನಿಯ ಚೆಕ್‌ಗೆ ಸಹಿ ಹಾಕಿದ ನಿರ್ದೇಶಕರ ಮೇಲಿನ ಕೇಸನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದರ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದು, ‘ತೀರ್ಪು ಸರಿ’ ಎಂದಿದ್ದೀರಿ. ನಾನು ಕಂಪನಿಗಳಿಗೆ ರಟ್ಟಿನ ಪೆಟ್ಟಿಗೆ ಮಾಡಿಕೊಡುವವನು. ಮೊನ್ನೆ ನನಗೂ ಒಂದು ಚೆಕ್ ಬೌನ್ಸ್ ಆಗಿದೆ. ಸಹಿ ಹಾಕಿದವನೇ ಪಾರಾದರೆ ಅದು ಯಾವ ನ್ಯಾಯ?
– ಒಬ್ಬ ಓದುಗ, ದಾವಣಗೆರೆ

ಸಂಪಾದಕರ ಉತ್ತರ:

ಮಾನ್ಯರೇ, ಮಾಲು ಕಳಿಸಿ, ತಿಂಗಳುಗಟ್ಟಲೆ ಕಾದು, ಕೊನೆಗೆ ಚೆಕ್ ವಾಪಸ್ ಬಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೂ ತೀರ್ಪು ಸರಿ ಎಂಬ ಮಾತಿಗೆ ನಾನು ಬದ್ಧ. ಯಾಕೆ ಸರಿ ಅಂತ ಬಿಡಿಸಿ ಹೇಳಲಿಲ್ಲ, ಅದು ನಮ್ಮ ತಪ್ಪು.

ಆ ಪ್ರಕರಣ ಕರ್ನಾಟಕದ್ದೇ. ತೀರ್ಪು ಬಂದದ್ದು 2019ರ ಜನವರಿಯಲ್ಲಿ. ಚೆಕ್ ಕಂಪನಿಯ ಪರವಾಗಿ ಕೊಟ್ಟದ್ದು. ಆದರೆ ಹಣ ಕೊಡಿ ಎಂಬ ನೋಟಿಸ್ ಹೋದದ್ದು ಸಹಿ ಹಾಕಿದ ನಿರ್ದೇಶಕರಿಗೆ ಮಾತ್ರ, ದೂರಿನಲ್ಲೂ ಆರೋಪಿ ಅವರೊಬ್ಬರೇ. ಕಂಪನಿಯ ಹೆಸರನ್ನು ಈಗಲೂ ಸೇರಿಸಬಹುದು ಎಂದು ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಂಪನಿಗೆ ನೋಟಿಸೇ ಕೊಟ್ಟಿಲ್ಲ ಅಂದ ಮೇಲೆ ಸೇರಿಸುವುದು ಹೇಗೆ?

ನಿಮ್ಮ ಕೈಯಲ್ಲಿರುವ ಚೆಕ್ ಒಮ್ಮೆ ನೋಡಿ. ಸಹಿಯ ಹತ್ತಿರ ಕಂಪನಿಯ ಹೆಸರು ಅಚ್ಚಾಗಿರುತ್ತದೆ, ಇಲ್ಲವೇ ಸೀಲ್ ಇರುತ್ತದೆ. ಖಾತೆ ಕಂಪನಿಯದು, ಸಾಲವೂ ಕಂಪನಿಯದು. ಕಾನೂನಿನ ಕಣ್ಣಿಗೆ ಕಂಪನಿಯೇ ಬೇರೆ ವ್ಯಕ್ತಿ, ಸಹಿ ಹಾಕಿದವರೇ ಬೇರೆ. ಚೆಕ್ ಬೌನ್ಸ್ ಕೇಸುಗಳು ನಡೆಯುವ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 141ನೇ ಸೆಕ್ಷನ್, ಅಪರಾಧ ಕಂಪನಿಯದಾದರೆ ‘ಕಂಪನಿಯ ಜೊತೆಗೆ’ ಅದರ ಹೊಣೆ ಹೊತ್ತವರೂ ತಪ್ಪಿತಸ್ಥರು ಎನ್ನುತ್ತದೆ. ಆ ‘ಜೊತೆಗೆ’ ಎಂಬ ಮಾತನ್ನೇ ಹಿಡಿದು, ಕಂಪನಿಯನ್ನು ಬಿಟ್ಟು ನಿರ್ದೇಶಕರ ಮೇಲೆ ಮಾತ್ರ ಕೇಸು ನಿಲ್ಲುವುದಿಲ್ಲ ಎಂದು 2012ರಲ್ಲೇ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. ಜೈಲು ಶಿಕ್ಷೆಯವರೆಗೂ ಹೋಗಬಹುದಾದ ಕೇಸು ಇದು. ಒಬ್ಬರ ತಪ್ಪಿಗೆ ಇನ್ನೊಬ್ಬರನ್ನು ಸುಮ್ನೆ ಒಳಗೆ ಹಾಕಬಾರದಲ್ವಾ? ನಾಳೆ ನಿಮ್ಮ ಮಗಳೇ ಯಾವುದೋ ಕಂಪನಿಯಲ್ಲಿ ಚೆಕ್‌ಗೆ ಸಹಿ ಹಾಕುವ ಕೆಲಸದಲ್ಲಿದ್ದರೆ ನೀವೂ ಇದನ್ನೇ ಕೇಳುತ್ತೀರಿ.

ನನಗೆ ಸಂಕಟವಾಗುವುದು ಬೇರೆ ಕಡೆ. ಆ ಕೇಸು ಬಿದ್ದದ್ದು ಹಣ ಬರಬೇಕಿರಲಿಲ್ಲ ಎಂಬ ಕಾರಣಕ್ಕಲ್ಲ. ನೋಟಿಸಿನಲ್ಲಿ ಒಂದು ಹೆಸರು ಬಿಟ್ಟುಹೋದದ್ದಕ್ಕೆ. ವರ್ಷಗಟ್ಟಲೆ ಅಲೆದ ಮೇಲೆ ಇದು ಗೊತ್ತಾದರೆ ಯಾರಿಗೆ ತಾನೇ ತಡೆದೀತು? ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿದ್ದರೆ ಮಾತು ಬೇರೆ. ಆಗ ಕಂಪನಿಯ ಮೇಲಿನ ಕೇಸಿಗೆ ತಡೆ ಬಿದ್ದರೂ ನಿರ್ದೇಶಕರ ಮೇಲೆ ನಡೆಯಬಹುದು ಎಂದು 2021ರಲ್ಲಿ ತೀರ್ಪಾಗಿದೆ.

ಇನ್ನೊಂದು ಮಾತು. ಕ್ರಿಮಿನಲ್ ಕೇಸು ಹೀಗೆ ಬಿದ್ದರೆ ಸಾಲ ಮನ್ನಾ ಆಗುವುದಿಲ್ಲ. ಹಣ ವಸೂಲಿಗೆ ಸಿವಿಲ್ ದಾವೆಯ ದಾರಿ ಇದ್ದೇ ಇದೆ. ಅದಕ್ಕೂ ಸಾಮಾನ್ಯವಾಗಿ 3 ವರ್ಷದ ಗಡುವು.

ಈಗ ನಿಮ್ಮ ಚೆಕ್ ವಿಷಯ. ಅದು ವಾಪಸ್ ಬಂದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು. ಮೊದಲು ಕಂಪನಿಯ ಹೆಸರಿಗೆ, ಜೊತೆಗೆ ಸಹಿ ಹಾಕಿದವರಿಗೆ. ನೋಟಿಸ್ ತಲುಪಿ 15 ದಿನ ಕಳೆದರೂ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ದೂರು. ದೂರಿನಲ್ಲಿ ಮೊದಲ ಆರೋಪಿ ಕಂಪನಿಯೇ ಇರಲಿ. ಪೆಟ್ಟಿಗೆ ಇಳಿಸಿಕೊಂಡದ್ದಕ್ಕೆ ಸಹಿ ಮಾಡಿಕೊಟ್ಟ ಡೆಲಿವರಿ ಚಲನ್ ಹುಡುಕಿಡಿ. ಚೆಕ್ ವಾಪಸ್ ಮಾಡುವಾಗ ಬ್ಯಾಂಕು ಕೊಟ್ಟ ಮೆಮೊ ಮೇಲಿನ ತಾರೀಖು ನೋಡಿಕೊಂಡು, ಈ ವಾರವೇ ವಕೀಲರ ಹತ್ತಿರ ಹೋಗಿ.