ಊರಿನ ಆಟಕ್ಕೆ ಅನುದಾನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳ್ಳಿಯ ಕಲಾ ಚಟುವಟಿಕೆಗಳಿಗೆ ಹಣ ತರುವ ದಾರಿ ಕೇಳಿ ಬಂದ ಪತ್ರಗಳಲ್ಲಿ ಆರನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ನಮ್ಮೂರಿನಲ್ಲಿ ಅಜ್ಜಂದಿರ ಕಾಲದಿಂದಲೂ ಯುಗಾದಿ ಆಸುಪಾಸಿನಲ್ಲಿ ದೊಡ್ಡಾಟ (ಬಯಲಾಟದ ಒಂದು ಬಗೆ) ಆಡುತ್ತ ಬಂದಿದ್ದೇವೆ. ಮೇಳಕ್ಕೆ ಹೆಸರಿದೆ, ನೋಂದಣಿ ಇಲ್ಲ. ಸರ್ಕಾರದ ಧನಸಹಾಯ ಸಿಗುತ್ತದೆಯೇ?
– ಹೂವಿನಹಡಗಲಿ ತಾಲ್ಲೂಕಿನ ಓದುಗರು

ಮೇಳದ ಹೆಸರಿಗೆ ಈಗಲೇ ಸಿಗುವುದಿಲ್ಲ. ಸಂಘ ಸಂಸ್ಥೆಗಳಿಗೆ ಕೊಡುವ ಧನಸಹಾಯಕ್ಕೆ ನೋಂದಣಿ ಬೇಕು, ಅದೂ ಸಾಮಾನ್ಯವಾಗಿ 3 ವರ್ಷ ಹಳೆಯದಾಗಿರಬೇಕು. ಈ ವರ್ಷ ನೋಂದಾಯಿಸಿದರೆ ನಾಲ್ಕನೇ ವರ್ಷಕ್ಕೆ ಅರ್ಜಿ ಹಾಕುವ ಅರ್ಹತೆ ಬರುತ್ತದೆ. ಹಾಗಾಗಿ ಮುಂದಿನ ಆಟದ ತನಕ ಕಾಯದೆ ಈಗಲೇ ಶುರು ಮಾಡಿ.

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಕನಿಷ್ಠ 7 ಜನ ಸೇರಿದರೆ ಸಂಘ ಕಟ್ಟಬಹುದು. ಅರ್ಜಿ ಹೋಗುವುದು ಸಹಕಾರ ಇಲಾಖೆಯಲ್ಲಿರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ. ಬೈಲಾದ (ಸಂಘದ ನಿಯಮಾವಳಿಯ) ಉದ್ದೇಶಗಳಲ್ಲಿ ‘ಸಮಾಜಸೇವೆ’ ಎಂದಷ್ಟೇ ಬರೆದು ಬಿಡಬೇಡಿ. ಬಯಲಾಟ ತರಬೇತಿ, ಪ್ರದರ್ಶನ, ವೇಷಭೂಷಣ ಮತ್ತು ಆಟದ ಪ್ರತಿಗಳ ಸಂರಕ್ಷಣೆ ಎಂದು ಬಿಡಿಸಿ ಬರೆಯಿರಿ. ಕಲೆಗೆಂದು ಇಟ್ಟ ಹಣ ಕೇಳುವಾಗ ಅಧಿಕಾರಿಗಳು ಮೊದಲು ತಿರುವಿ ನೋಡುವುದು ಇದೇ ಪುಟವನ್ನು.

ಹಲವು ಸಂಘಗಳು ಎಡವುವುದು ನೋಂದಣಿಯಾದ ಮೇಲೆ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಕೆಲಸ ಮುಗಿಯಲಿಲ್ಲ. ಅದೇ ಕಾಯ್ದೆಯ 13ನೇ ಪ್ರಕರಣದಂತೆ ವಾರ್ಷಿಕ ಮಹಾಸಭೆ ನಡೆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪರಿಶೋಧನೆಯಾದ ಜಮಾ-ಖರ್ಚನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು, ಅದೂ ಪ್ರತಿ ವರ್ಷ. ಇದನ್ನು ಐದಾರು ವರ್ಷ ಬಿಟ್ಟವರು ಅನುದಾನದ ಅರ್ಜಿ ಕರೆದಾಗ ದಂಡ ಕಟ್ಟಿ, ಹಳೆಯ ಲೆಕ್ಕ ಹುಡುಕಿ ಹೊಂದಿಸುವಷ್ಟರಲ್ಲಿ ಕೊನೆಯ ದಿನಾಂಕ ದಾಟಿರುತ್ತದೆ.

ಹೆಸರಿನ ಬಗ್ಗೆಯೂ ಎಚ್ಚರ ಬೇಕು. ಪ್ರಮಾಣಪತ್ರದಲ್ಲಿ ‘ಶ್ರೀ ಬಸವೇಶ್ವರ ಬಯಲಾಟ ಕಲಾ ಸಂಘ’ ಎಂದಿದ್ದು, ಪ್ಯಾನ್ ಕಾರ್ಡಿನಲ್ಲಿ ‘ಶ್ರೀ’ ಬಿಟ್ಟುಹೋಗಿ, ಪಾಸ್‌ಬುಕ್ಕಿನಲ್ಲಿ ‘ಬಸವೇಶ್ವರ ಕಲಾ ತಂಡ’ ಎಂದಾಗಿದ್ದರೆ ಮಂಜೂರಾದ ಹಣವೂ ಖಾತೆಗೆ ಬೀಳದೆ ಖಜಾನೆಗೆ ಹಿಂದಿರುಗಬಹುದು. ಮೂರರಲ್ಲೂ ಅಕ್ಷರ ಅಕ್ಷರ ಒಂದೇ ಇರಲಿ, ಇಂಗ್ಲಿಷ್ ಸ್ಪೆಲ್ಲಿಂಗ್ ಕೂಡ.

ಈ 3 ವರ್ಷ ಸುಮ್ಮನೆ ಕೂರಬೇಕಾಗಿಲ್ಲ. ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರಿಗೆ ತಂಡದ ಪರಿಚಯ, ಫೋಟೊ, ಹಳೆಯ ಕರಪತ್ರ, ಪತ್ರಿಕಾ ತುಣುಕುಗಳ ಒಂದು ಕಡತ ಕೊಡಿ. ಇಲಾಖೆಯ ಉತ್ಸವಗಳಿಗೆ ಕಲಾತಂಡವಾಗಿ ಕರೆ ಬರಲು ಅದು ದಾರಿ. ಬಯಲಾಟಕ್ಕೆಂದೇ ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಇದೆ. ನಿಮ್ಮೂರಿನಲ್ಲಿ ತರಬೇತಿ ಶಿಬಿರ ನಡೆಸಿಕೊಡಿ ಎಂದು ಅಲ್ಲಿಗೆ ಲಿಖಿತ ಮನವಿ ಕೊಡಿ. ತಂಡದಲ್ಲಿ ಪರಿಶಿಷ್ಟ ಜಾತಿ, ಪಂಗಡದ ಕಲಾವಿದರಿದ್ದರೆ ವಾದ್ಯ ಮತ್ತು ವೇಷಭೂಷಣ ಕೊಳ್ಳಲು ವಿಶೇಷ ಘಟಕ ಯೋಜನೆ, ಗಿರಿಜನ ಉಪಯೋಜನೆಯ ನೆರವನ್ನು ಪ್ರತ್ಯೇಕವಾಗಿ ವಿಚಾರಿಸಿ.

ಅರ್ಜಿಯಲ್ಲಿ ‘ಅಂದಾಜು ವೆಚ್ಚ’ ಎಂಬ ಕಡೆ ಏನು ಬರೆಯಬೇಕು? ಹೋದ ಸಲ ‘ಕಾರ್ಯಕ್ರಮದ ಖರ್ಚು 3 ಲಕ್ಷ’ ಎಂದು ಬರೆದಿದ್ದೆವು, ಏನೂ ಬರಲಿಲ್ಲ.
– ಕುಷ್ಟಗಿ ತಾಲ್ಲೂಕಿನ ಒಂದು ಕಲಾ ಸಂಘ

ಒಂದೇ ಸಾಲಿನ ಮೊತ್ತವನ್ನು ಯಾವ ಸಮಿತಿಯೂ ನಂಬುವುದಿಲ್ಲ. ಎಷ್ಟು ಜನ, ಎಷ್ಟು ದಿನ, ತಲೆಗೆ ಎಷ್ಟು ಎಂದು ಗುಣಿಸಿ ತೋರಿಸಬೇಕು. ಊರಿನ 20 ಹುಡುಗರಿಗೆ 30 ದಿನ ದೊಡ್ಡಾಟ ಕಲಿಸಿ ಕೊನೆಗೆ ಒಂದು ಪ್ರದರ್ಶನ ಎಂದಿಟ್ಟುಕೊಂಡು ಮಾದರಿ ಲೆಕ್ಕ ಕೊಡುತ್ತೇವೆ. ದರಗಳನ್ನು ನಿಮ್ಮ ಕಡೆಯ ರೂಢಿಗೆ ಬದಲಿಸಿಕೊಳ್ಳಿ.

ಮಾಸ್ತರರಿಗೆ ದಿನಕ್ಕೆ 1,000 ರೂಪಾಯಿಯಂತೆ 30,000. ಪೇಟಿ, ಮದ್ದಳೆಯವರು ಇಬ್ಬರಿಗೆ ತಲಾ 600ರಂತೆ 36,000. ವೇಷಭೂಷಣ, ಕಿರೀಟ, ಭುಜಕೀರ್ತಿ ಬಾಡಿಗೆ 20,000. ಅಟ್ಟ, ಮೈಕು, ದೀಪಕ್ಕೆ 30,000. ತಾಲೀಮಿನ ಸಂಜೆಗಳಲ್ಲಿ 25 ಜನರ ಚಹಾ-ತಿಂಡಿ, ತಲೆಗೆ 20ರಂತೆ 15,000. ಆಟದ ರಾತ್ರಿ 100 ಜನರ ಊಟ 8,000. ಕರಪತ್ರ, ಬ್ಯಾನರಿಗೆ 4,000. ಫೋಟೊ, ವಿಡಿಯೊ 7,000. ಲೆಕ್ಕಪರಿಶೋಧಕರ ಶುಲ್ಕ 5,000. ಒಟ್ಟು 1,55,000.

ಕೊನೆಯ ಎರಡು ಬಾಬ್ತುಗಳನ್ನು ಬಹಳ ಜನ ಮರೆಯುತ್ತಾರೆ. ಆದರೆ ಫೋಟೊ ಮತ್ತು ಲೆಕ್ಕಪತ್ರ ಇಲ್ಲದೆ ಹಣ ಬಿಡುಗಡೆಯೇ ಆಗುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಪಾತ್ರ ಮಾಡುವವರು ತಾವೇ ಪಟ್ಟಿ (ವಂತಿಗೆ) ಹಾಕಿ ಮಾಸ್ತರರಿಗೆ ಕೊಡುವುದು ನಮ್ಮ ಹಳ್ಳಿಗಳ ಪದ್ಧತಿ. ಒಬ್ಬರು ಜೋಳ ಕೊಡುತ್ತಾರೆ, ಇನ್ನೊಬ್ಬರು ಟ್ರ್ಯಾಕ್ಟರ್ ಕಳಿಸುತ್ತಾರೆ. ಇದ್ಯಾವುದೂ ಸಂಘದ ಪುಸ್ತಕದಲ್ಲಿ ಇರುವುದಿಲ್ಲ. ಅರ್ಜಿಯಲ್ಲಿ ‘ಸಂಸ್ಥೆಯ ಸ್ವಂತ ಪಾಲು ಎಷ್ಟು?’ ಎಂದು ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ. ಊರವರ ಪ್ರತಿ ರೂಪಾಯಿಗೂ ಸಂಖ್ಯೆ ಹಾಕಿದ ರಸೀದಿ ಹರಿದು, ಹಣವನ್ನು ಖಾತೆಗೆ ಕಟ್ಟಿ, ಅಲ್ಲಿಂದಲೇ ಖರ್ಚು ಮಾಡಿ. ವಸ್ತುರೂಪದ ಕೊಡುಗೆಗೆ ಬೇರೆ ವಹಿ ಇಡಿ. ನಿಮ್ಮೂರು ಈಗಾಗಲೇ ಕಲೆಗೆ ಇಷ್ಟು ಖರ್ಚು ಮಾಡುತ್ತಿದೆ ಎಂಬುದಕ್ಕೆ ಅದೇ ಪುರಾವೆ, ಅರ್ಜಿಗೆ ಬಲ ಬರುವುದು ಅಲ್ಲಿಂದ.

ಕೇಳಿದ ಮೊತ್ತ ಪೂರ್ತಿ ಬರುತ್ತದೆಂದು ನೆಚ್ಚಬೇಡಿ. ಅರ್ಧ ಬಂದರೆ ಯಾವುದನ್ನು ಬಿಡಬೇಕೆಂದು ಮೊದಲೇ ಸಭೆಯಲ್ಲಿ ಬರೆದಿಟ್ಟುಕೊಳ್ಳಿ. ಬ್ಯಾನರು, ಹಾರ, ಶಾಲು ಹೋಗಲಿ. ಮಾಸ್ತರರ ಮತ್ತು ಹಿಮ್ಮೇಳದವರ ಸಂಭಾವನೆಗೆ ಕತ್ತರಿ ಹಾಕಲೇಬೇಡಿ.

ಕಾರ್ಯಕ್ರಮ ಮುಗಿದು ಎಂಟು ತಿಂಗಳಾಯಿತು. ಮಂಜೂರಾತಿ ಪತ್ರವಿದೆ, ಹಣವಿಲ್ಲ. ಶಾಮಿಯಾನದವರು ದಿನಾ ಫೋನ್ ಮಾಡುತ್ತಾರೆ.
– ಸವದತ್ತಿಯ ಓದುಗರು

ಮೊದಲು ಕಡತ ಎಲ್ಲಿ ನಿಂತಿದೆ ಎಂದು ತಿಳಿಯಿರಿ: ಜಿಲ್ಲಾ ಕಚೇರಿಯಲ್ಲೇ, ಇಲಾಖೆಯ ಕೇಂದ್ರ ಕಚೇರಿಯಾದ ಬೆಂಗಳೂರಿನ ಕನ್ನಡ ಭವನದಲ್ಲೇ, ಖಜಾನೆಯಲ್ಲೇ. ಕಡತದ ಸಂಖ್ಯೆ ಹಾಕಿ ಬರೆದು ಕೇಳಿ, ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 30 ದಿನದಲ್ಲಿ ಉತ್ತರಿಸಬೇಕು. ಹಣ ಬಿಡಿಸಿಕೊಡುತ್ತೇನೆಂದು ಪಾಲು ಕೇಳುವವರನ್ನು ಹತ್ತಿರ ಸೇರಿಸಬೇಡಿ.

ಕಡತ ನಿಲ್ಲುವ ಕಾರಣಗಳು ಬಹುಪಾಲು ಇವೇ. ಬಿಲ್ಲು ಸಂಘದ ಹೆಸರಿನಲ್ಲಿಲ್ಲ, ಕಾರ್ಯದರ್ಶಿಯ ಸ್ವಂತ ಹೆಸರಿನಲ್ಲಿದೆ. ಬಿಲ್ಲಿನ ತಾರೀಖಿಗೂ ಕಾರ್ಯಕ್ರಮದ ತಾರೀಖಿಗೂ ಹೊಂದಿಕೆಯಿಲ್ಲ. 5,000 ರೂಪಾಯಿ ಮೀರಿದ ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿಲ್ಲ. ಕಲಾವಿದರ ಸಂಭಾವನೆಯನ್ನು ಒಬ್ಬರೇ ಪಡೆದು ಹಂಚಿದ್ದಾರೆ, ಬೇರೆಯವರ ಸಹಿ ಇಲ್ಲ. ಫೋಟೊದಲ್ಲಿ ಸ್ಥಳ, ದಿನಾಂಕ ತೋರಿಸುವ ಬ್ಯಾನರ್ ಕಾಣುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹಿಂದಿನ ಅನುದಾನದ ಹಣಬಳಕೆ ಪ್ರಮಾಣಪತ್ರವೇ ಬಾಕಿ. ಕೇಂದ್ರದ ಅನುದಾನವಾದರೆ ಈ ಪ್ರಮಾಣಪತ್ರ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲೇ ಇರಬೇಕು.

ಮಾರ್ಚ್ 31ರೊಳಗೆ ಬಿಲ್ಲು ಖಜಾನೆ ದಾಟದಿದ್ದರೆ ಆ ವರ್ಷದ ಹಣ ಕೈತಪ್ಪಿ, ಹೊಸ ವರ್ಷದ ಅನುದಾನದಲ್ಲಿ ಮತ್ತೆ ಸರದಿ ಹಿಡಿಯಬೇಕಾಗುತ್ತದೆ. ಫೆಬ್ರುವರಿ, ಮಾರ್ಚಿನಲ್ಲಿ ಕಾರ್ಯಕ್ರಮ ಇಟ್ಟುಕೊಳ್ಳುವವರು ಈ ಅಪಾಯವನ್ನು ತಿಳಿದೇ ಇಟ್ಟುಕೊಳ್ಳಬೇಕು. ಡಿಸೆಂಬರಿನೊಳಗೆ ಮುಗಿಸಿ, 15 ದಿನದಲ್ಲಿ ಲೆಕ್ಕ ಕೊಟ್ಟುಬಿಡುವುದು ಒಳ್ಳೆಯದು. ಅನುದಾನವೆಂದರೆ ಹೆಚ್ಚಿನ ಸಲ ಖರ್ಚಾದ ಮೇಲೆ ಬರುವ ಹಣ. ಶಾಮಿಯಾನದವರಿಗೆ ಊರಿನ ಪಟ್ಟಿಯಿಂದಲೇ ಕೊಡಲಾಗುವಷ್ಟು ದೊಡ್ಡ ಚಪ್ಪರ ಹಾಕಿಸಿ, ಅದಕ್ಕಿಂತ ದೊಡ್ಡದು ಬೇಡ.

ಕಂಸಾಳೆ ಕಲಿಸುವ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ. ಕೇಂದ್ರ ಸರ್ಕಾರದಿಂದ ತಿಂಗಳ ಸಂಭಾವನೆ ಸಿಗುತ್ತದಂತೆ, ನಿಜವೇ?
– ಕೊಳ್ಳೇಗಾಲದ ಓದುಗರು

ನಿಜ. ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು-ಶಿಷ್ಯ ಪರಂಪರೆ ಯೋಜನೆಯಲ್ಲಿ (ರೆಪರ್ಟರಿ ಗ್ರಾಂಟ್ ಎನ್ನುವುದೂ ಇದನ್ನೇ) ಗುರುವಿಗೆ ತಿಂಗಳಿಗೆ 15,000 ರೂಪಾಯಿ, ಶಿಷ್ಯರಿಗೆ ವಯಸ್ಸಿಗೆ ತಕ್ಕಂತೆ 2,000ದಿಂದ 10,000ದವರೆಗೆ ಸಿಗುತ್ತದೆ. ರಂಗತಂಡಕ್ಕೆ ಗರಿಷ್ಠ 18 ಶಿಷ್ಯರು, ಸಂಗೀತ-ನೃತ್ಯ ತಂಡಕ್ಕೆ 10. ಆದರೆ ಇದು ವರ್ಷವಿಡೀ ನಿಯತವಾಗಿ ಕಲಿಯುವ, ಪ್ರದರ್ಶನ ಕೊಡುವ ನೋಂದಾಯಿತ ತಂಡಕ್ಕೆ. ಶಿವರಾತ್ರಿ, ದೀಪಾವಳಿಗೆ ಮಾತ್ರ ಕೂಡುವ ತಂಡಕ್ಕಲ್ಲ. ಮುಂದುವರಿಕೆ ಬೇಕಾದರೆ ತಾಲೀಮಿನ ಹಾಜರಿ, ಪ್ರದರ್ಶನದ ದಾಖಲೆ ಇಟ್ಟಿರಬೇಕು.

ಒಂದೇ ಉತ್ಸವ ಅಥವಾ ಹೊಸ ಪ್ರಯೋಗಕ್ಕೆ ಅದೇ ಸಚಿವಾಲಯದ ಬೇರೆ ಯೋಜನೆಯಿದೆ. ಮಿತಿ 5 ಲಕ್ಷ, ಅಪರೂಪದ ಸಂದರ್ಭದಲ್ಲಿ 20 ಲಕ್ಷ. ಒಂದೇ ಕಾರ್ಯಕ್ರಮದ ಒಂದೇ ಖರ್ಚನ್ನು ರಾಜ್ಯಕ್ಕೂ ಕೇಂದ್ರಕ್ಕೂ ತೋರಿಸಬೇಡಿ. ಸಿಕ್ಕಿಬಿದ್ದರೆ ಎರಡೂ ಕಡೆಯ ಬಾಗಿಲು ಮುಚ್ಚುತ್ತದೆ.

ಹಿರಿಯರಿಗೆ 60 ದಾಟಿದ್ದು ವಾರ್ಷಿಕ ಆದಾಯ 72,000 ಮೀರದಿದ್ದರೆ ಕೇಂದ್ರದ ಹಿರಿಯ ಕಲಾವಿದರ ನೆರವಿಗೂ ಅರ್ಜಿ ಹಾಕಿಸಿ. ತಿಂಗಳಿಗೆ 6,000ದವರೆಗೆ ಸಿಗುತ್ತದೆ. ಅದು ಅವರ ವೈಯಕ್ತಿಕ ಹಕ್ಕು, ಸಂಘಕ್ಕೆ ಸಂಬಂಧಿಸಿದ್ದಲ್ಲ.

ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಮಕ್ಕಳಿಗೆ ಊರಿನ ಹಾಡು, ಕಸೂತಿ ಸೇರಿಸಿ ಪಾಠ ಮಾಡುವ ಯೋಚನೆಯಿದೆ. ಸಂಘವಿಲ್ಲದೆ ನೆರವು ಸಿಗುವುದೇ?
– ಧಾರವಾಡ ಜಿಲ್ಲೆಯ ಓದುಗರು

ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ ‘ಕಲಿ-ಕಲಿಸು’ ಕಾರ್ಯಕ್ರಮ ನಿಮ್ಮಂಥವರಿಗೇ ಇರುವುದು. ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರೂ ಕಲಾವಿದರೂ ವೈಯಕ್ತಿಕವಾಗಿ ಕೇಳಬಹುದು, ಪ್ರಸ್ತಾವನೆಯನ್ನು ಕನ್ನಡದಲ್ಲೇ ಬರೆಯಬಹುದು. ‘ಮಕ್ಕಳ ಸರ್ವಾಂಗೀಣ ಬೆಳವಣಿಗೆ’ ಎಂಬಂಥ ಮಾತು ಬಿಟ್ಟು, ಯಾವ ತರಗತಿ, ಯಾವ ಪಾಠ, ಗೋಪುರ-ತೇರಿನ ಕಸೂತಿಯಿಂದ ಸಮಮಿತಿ ಹೇಗೆ ಕಲಿಸುತ್ತೀರಿ, ಯಾವ ಅಜ್ಜಿ ಬಂದು ಹಾಡು ಹೇಳಿಕೊಡುತ್ತಾರೆ, ಅವರಿಗೆ ಎಷ್ಟು ಸಂಭಾವನೆ ಎಂದು ಬರೆಯಿರಿ. ಮುಖ್ಯ ಶಿಕ್ಷಕರ ಒಪ್ಪಿಗೆಯನ್ನು ಮೊದಲೇ ಲಿಖಿತವಾಗಿ ಪಡೆದಿರಿ.

ನಮ್ಮೂರ ಪಕ್ಕ ದೊಡ್ಡ ಕಂಪನಿಯ ಗಾಳಿ ವಿದ್ಯುತ್ ಘಟಕವಿದೆ. ಅವರಿಂದ ಆಟಕ್ಕೆ ಹಣ ಕೇಳಬಹುದೇ?
– ಗದಗ ಜಿಲ್ಲೆಯ ಓದುಗರು

ಕೇಳಬಹುದು. ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣವನ್ನು ಯಾವುದಕ್ಕೆ ಖರ್ಚು ಮಾಡಬಹುದು ಎಂಬ ಪಟ್ಟಿ 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿದೆ, ಅದರಲ್ಲಿ ಸಾಂಪ್ರದಾಯಿಕ ಕಲೆಗಳ ಅಭಿವೃದ್ಧಿಯೂ ಸೇರಿದೆ. ಕಂಪನಿ ತನ್ನ ಘಟಕದ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ, ಇದನ್ನು ನಿಮ್ಮ ಪತ್ರದಲ್ಲಿ ನೆನಪಿಸಿ. ಸಂಘದ ಮೂಲಕ ಈ ಹಣ ಖರ್ಚಾಗಬೇಕಾದರೆ ಆದಾಯ ತೆರಿಗೆ ಇಲಾಖೆಯ ನೋಂದಣಿಗಳು (12ಎ, 80ಜಿ ಎಂದು ಹೆಸರಾದವು) ಮತ್ತು ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದಿಂದ ಪಡೆಯುವ ಸಿಎಸ್‌ಆರ್-1 ಸಂಖ್ಯೆ ಬೇಕು. ಇಲ್ಲದಿದ್ದರೆ, ಇವೆಲ್ಲ ಇರುವ ಹತ್ತಿರದ ಸಂಸ್ಥೆಯ ಜತೆ ಒಪ್ಪಂದ ಮಾಡಿಕೊಂಡು ಕೇಳಿ. ಘಟಕದ ಮ್ಯಾನೇಜರ್ ಶಿಫಾರಸು ಮಾಡಬಲ್ಲರು, ತೀರ್ಮಾನ ಆಗುವುದು ಕಂಪನಿಯ ಮುಖ್ಯ ಕಚೇರಿಯಲ್ಲಿ. ಜಾತ್ರೆಯ ಒಂದು ರಾತ್ರಿಗಿಂತ ವರ್ಷದ ತರಬೇತಿಗೆ ಕೇಳಿದರೆ ಅವರಿಗೆ ಒಪ್ಪುವುದು ಸುಲಭ.

ನೀವು ಬೆಳಗಿನವರೆಗೆ ಆಡುವ ಆಟದ ಯೋಜನೆ ಕಳಿಸಿದ್ದೀರಿ. ಶಬ್ದಮಾಲಿನ್ಯ ನಿಯಮ 2000ರಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ವಿನಾಯಿತಿ ಕೊಟ್ಟರೂ ವರ್ಷದಲ್ಲಿ 15 ದಿನ ಮೀರದಂತೆ, ಮಧ್ಯರಾತ್ರಿ 12ರವರೆಗೆ ಮಾತ್ರ. ಕರಾವಳಿಯ ಯಕ್ಷಗಾನ ಮೇಳಗಳು ಕಾಲಮಿತಿ ಪ್ರದರ್ಶನ ರೂಢಿಸಿಕೊಂಡಂತೆ ಸಂಜೆ 6ಕ್ಕೇ ಗಣಸ್ತುತಿ ಶುರುವಾಗುವಂತೆ ಪ್ರಸಂಗ ಹೊಂದಿಸಿ, ಇಲ್ಲವೇ 10ರ ನಂತರ ಮೈಕಿಲ್ಲದೆ ಆಡಿ. ಕಂಪನಿಗೆ ಕಳಿಸುವ ಪ್ರಸ್ತಾವನೆಯಲ್ಲೂ ಅದೇ ವೇಳೆ ಬರೆಯಿರಿ.