‘ಕಠಿಣ ಶಿಕ್ಷೆ ಕಾದಿದೆ’ ಅಂತ ಬರೆಯುವ ಮುಂಚೆ

ಪ್ರಿಯ ಲೇಖಕರೇ,

ಹೊಸನಗರದಿಂದ ನೀವು ಕಳಿಸಿದ ‘ಮೂಕಪ್ರಾಣಿಗಳಿಗೂ ಕಾನೂನಿದೆ’ ಓದಿದೆ. ಭಾಷೆ ಸರಾಗವಾಗಿದೆ. ಪಿಕಪ್ ಗಾಡಿಯೊಳಗೆ ಕುಸಿದು ಬಿದ್ದ ಎತ್ತಿನ ಕತ್ತಿನ ಮೇಲೆ ಇನ್ನೊಂದು ಎತ್ತು ಕಾಲಿಟ್ಟು ನಿಂತಿದ್ದನ್ನು ಬರೆದಿದ್ದೀರಲ್ಲ, ಅಲ್ಲಿ ಓದು ನಿಂತೇಹೋಯಿತು. ಆದರೂ ವಾಪಸ್ ಕಳಿಸುತ್ತಿದ್ದೇನೆ. ಮುಂದಿನ ಸಾಲುಗಳು ಸಿಟ್ಟು ಬರಿಸಿದವು.

‘ಹೀಗೆ ಹಿಂಸಿಸುವವರಿಗೆ ಕಾನೂನಿನಲ್ಲಿ ಕಠಿಣ ಶಿಕ್ಷೆ ಕಾದಿದೆ’ ಅಂದಿದ್ದೀರಿ. ಯಾವ ಕಾನೂನು? ಎಷ್ಟು ಶಿಕ್ಷೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ತೆಗೆದು ನೋಡಿ. ನೋವಾಗುವ ಹಾಗೆ ಪ್ರಾಣಿ ಸಾಗಿಸುವುದು ಅಪರಾಧ, ಸರಿ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ! ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಗೋಹತ್ಯೆಗೆ ವರ್ಷಗಟ್ಟಲೆ ಜೈಲು ಇರುವುದು 2020ರ ರಾಜ್ಯ ಕಾಯ್ದೆಯಲ್ಲಿ. ಅದು ಕೊಲ್ಲುವುದರ, ಕೊಲ್ಲಲು ಸಾಗಿಸುವುದರ ಬಗ್ಗೆ. ನೀವು ಕಂಡಿದ್ದು ನೋವು. ಆ ನೋವಿಗೆ ಕಾನೂನು ಕಟ್ಟಿದ ಬೆಲೆ ಹತ್ತು ರೂಪಾಯಿ. ಬರೆಯಬೇಕಾಗಿದ್ದೇ ಅದು ಅಲ್ವಾ?

ಅದರ ಪಕ್ಕದಲ್ಲೇ ‘ಜಾಸ್ತಿ ದನ ತುಂಬಿದ್ದರು’ ಅಂತಿದೆ. ಎಷ್ಟು? 1978ರ ಸಾಗಾಟ ನಿಯಮದ ಪ್ರಕಾರ ಒಂದು ಗೂಡ್ಸ್ ಗಾಡಿಯಲ್ಲಿ ಆರಕ್ಕಿಂತ ಹೆಚ್ಚು ದನ ಹಾಕುವ ಹಾಗಿಲ್ಲ. ಕಾಲು ಜಾರದ ಹಾಗೆ ನೆಲಕ್ಕೆ ತೆಂಗಿನ ನಾರಿನ ಚಾಪೆಯೋ ಹಲಗೆಯೋ ಬೇಕು. ನೋಡಿಕೊಳ್ಳಲು ಒಬ್ಬ ಆಳಿರಬೇಕು. ದನ ಬೆದರದಿರಲಿ ಅಂತ ಆದಷ್ಟೂ ಇಂಜಿನ್ ಕಡೆ ಮುಖ ಮಾಡಿ ನಿಲ್ಲಿಸಬೇಕು. ಎತ್ತಿನ ಮುಖ ಯಾವ ಕಡೆಗಿರಬೇಕು ಅಂತ ಯೋಚಿಸಿದವರೂ ಇದ್ದರು ನೋಡಿ! ಆ ಗಾಡಿಯ ನೆಲದಲ್ಲಿ ಏನು ಹಾಸಿತ್ತು?

ನಾನು ಕೆಲಸ ಕಲಿತಿದ್ದು ಶಿವಮೊಗ್ಗದ ಒಂದು ವಾರಪತ್ರಿಕೆಯಲ್ಲಿ. ಅಲ್ಲಿನ ಹಿರಿಯರು ಕಾನೂನಿನ ಮಾತು ಬಂದ ಕಡೆಯೆಲ್ಲ ಕೆಂಪು ಪೆನ್ನಲ್ಲಿ ‘ಓದಿದ್ದೀಯಾ?’ ಅಂತ ಬರೆಯುತ್ತಿದ್ದರು. ಅಷ್ಟೇ, ಬೇರೇನೂ ಹೇಳುತ್ತಿರಲಿಲ್ಲ. ವಕೀಲರ ಆಫೀಸಿಗೆ ಹೋಗಿ, ಮೂಲ ಪುಸ್ತಕದಿಂದ ಆ ಸೆಕ್ಷನ್ನನ್ನು ಕೈಯಲ್ಲೇ ಬರೆದುಕೊಂಡು ಬರಬೇಕಿತ್ತು. ಕೈಯಲ್ಲಿ ಬರೆಯುವಾಗ ಒಂದು ‘ಅಥವಾ’ ಕೂಡ ಕಣ್ಣು ತಪ್ಪುವುದಿಲ್ಲ. ಈಗಲೂ ನಾನು ಹಾಗೇ ಮಾಡುತ್ತೇನೆ.

ಇನ್ನೊಂದು ಸಾಲು: ‘ಅಂತರರಾಷ್ಟ್ರೀಯ ಒಪ್ಪಂದಗಳೂ ಇದನ್ನು ನಿಷೇಧಿಸಿವೆ.’ ನೀವು ಹೆಸರಿಸಿದ್ದು ಸೈಟಿಸ್ ಒಂದನ್ನೇ. 1973ರಲ್ಲಿ ವಾಷಿಂಗ್ಟನ್‌ನಲ್ಲಿ ಆದ ಒಪ್ಪಂದ ಅದು. ಭಾರತ ಸೇರಿದ್ದು 1976ರಲ್ಲಿ. ಅಳಿವಿನ ಅಂಚಿನ ಕಾಡುಪ್ರಾಣಿ, ಗಿಡಗಳು ದೇಶದಿಂದ ದೇಶಕ್ಕೆ ಮಾರಾಟವಾಗುವುದಕ್ಕೆ ಅದು ಕಡಿವಾಣ. ಆನೆದಂತಕ್ಕೆ ಅನ್ವಯಿಸುತ್ತದೆ, ಹೊಸನಗರದ ಎತ್ತಿಗಲ್ಲ. ಪ್ಯಾರಿಸ್‌ನಲ್ಲಿರುವ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಜಾನುವಾರು ಸಾಗಾಟಕ್ಕೆ ಮಾನದಂಡ ಮಾಡಿದೆ, ನಿಜ. ಆದರೆ ಅದನ್ನು ಹಿಡಿದು ನಮ್ಮ ಠಾಣೆಯಲ್ಲಿ ಕೇಸು ಹಾಕಲು ಬರುವುದಿಲ್ಲ. ಪ್ರಾಣಿಗಳನ್ನು ಹಿಂಸಿಸಬಾರದು ಅಂತ ಎಲ್ಲ ದೇಶಗಳನ್ನೂ ಕಟ್ಟಿಹಾಕುವ ವಿಶ್ವಸಂಸ್ಥೆಯ ಒಪ್ಪಂದ ಇವತ್ತಿಗೂ ಇಲ್ಲ. ಇಲ್ಲದ ರಕ್ಷಣೆಯನ್ನು ಇದೆ ಅಂತ ಬರೆದರೆ ಓದುಗ ಸಮಾಧಾನ ಮಾಡಿಕೊಂಡು ಪುಟ ತಿರುಗಿಸುತ್ತಾನೆ. ಎತ್ತು ಅಲ್ಲೇ ಬಿದ್ದಿರುತ್ತದೆ.

ಗಾಡಿ ಹಿಡಿದವರು ಯಾವ ಸೆಕ್ಷನ್ ಹಾಕಿದರು, ಕೋರ್ಟಿನಲ್ಲಿ ಎಷ್ಟು ದಂಡ ಕಟ್ಟಿಸಿಕೊಂಡರು, ಠಾಣೆಗೆ ಹೋಗಿ ಕೇಳಿ. ಆ ಎತ್ತುಗಳನ್ನು ಆಮೇಲೆ ಎಲ್ಲಿಗೆ ಕಳಿಸಿದರು ಅನ್ನುವುದನ್ನೂ ಕೇಳಿಕೊಂಡು ಬರೆದು ಕಳಿಸಿ. ಜಾಗ ಕಾಯ್ದಿಡುತ್ತೇನೆ.

— ಸಂಪಾದಕ