ಎಕನಾಮಿಕ್ ಕ್ಯಾಪಿಟಲ್ ಸಾಕಷ್ಟಿದ್ದರೆ ಬ್ಯಾಂಕ್ ಮುಳುಗುವುದಿಲ್ಲ ಅಲ್ವಾ?

ಮುಳುಗಬಹುದು. ಎಕನಾಮಿಕ್ ಕ್ಯಾಪಿಟಲ್ ಅಂದರೆ ದೊಡ್ಡ ನಷ್ಟ ಬಂದರೂ ತಡೆದುಕೊಳ್ಳಲು ಎಷ್ಟು ಸ್ವಂತ ಬಂಡವಾಳ ಬೇಕು ಅಂತ ಬ್ಯಾಂಕ್ ತಾನೇ ಹಾಕಿಕೊಳ್ಳುವ ಲೆಕ್ಕ. ನಿಯಮದ ಪ್ರಕಾರ ಇಡಲೇಬೇಕಾದ ಬಂಡವಾಳ ಬೇರೆ. 100 ಕೋಟಿ ಸಾಲ ಕೊಟ್ಟಿದ್ದೀರಿ ಅಂದುಕೊಳ್ಳಿ. ವರ್ಷಕ್ಕೆ ಸರಾಸರಿ 2 ಕೋಟಿ ವಾಪಸ್ ಬರುವುದಿಲ್ಲ, ಅದನ್ನು ಬಡ್ಡಿಯಲ್ಲೇ ಸೇರಿಸಿರುತ್ತೀರಿ. ಸಾವಿರ ವರ್ಷಕ್ಕೊಮ್ಮೆ ಬರುವಂಥ ಕೆಟ್ಟ ವರ್ಷದಲ್ಲಿ, ಅಂದರೆ 99.9% ಮಟ್ಟದಲ್ಲಿ, ನಷ್ಟ 10 ಕೋಟಿ ಅಂತ ಮಾಡೆಲ್ ಹೇಳಿದರೆ ನಡುವಿನ 8 ಕೋಟಿಯೇ ಎಕನಾಮಿಕ್ ಕ್ಯಾಪಿಟಲ್. ನನ್ನ ಪ್ರಕಾರ ಇದರ ನಿಜವಾದ ಉಪಯೋಗ ಹೋಲಿಕೆಗೆ: ಜಾಸ್ತಿ ಲಾಭ ತಂದ ವಿಭಾಗ ಎಷ್ಟು ರಿಸ್ಕ್ ಹೊತ್ತು ತಂದಿದೆ ಅಂತ ಗೊತ್ತಾಗುತ್ತದೆ. 1970ರ ದಶಕದಲ್ಲೇ ಅಮೆರಿಕದ ಬ್ಯಾಂಕರ್ಸ್ ಟ್ರಸ್ಟ್ ಈ ಥರ ಅಳೆಯಲು ಶುರು ಮಾಡಿತ್ತು.

ಆದರೆ ಸಾವಿರ ವರ್ಷದ ಡೇಟಾ ಯಾರ ಹತ್ತಿರ ಇದೆ? ಹತ್ತಿಪ್ಪತ್ತು ವರ್ಷದ ಅಂಕಿ ಹಿಡಿದು ಅಂದಾಜು ಮಾಡುವುದು, ಅಷ್ಟೇ. ಸಾಲಗಾರರೆಲ್ಲ ಒಟ್ಟಿಗೆ ಕೈಕೊಡುವ ಬಗ್ಗೆ ಇಟ್ಟುಕೊಂಡ ಊಹೆ ಸ್ವಲ್ಪ ಬದಲಾದರೂ 8 ಕೋಟಿ 12 ಆಗಬಹುದು. ಇನ್ನೊಂದು, ಕೈಯಲ್ಲಿ ಕಾಸಿಲ್ಲದ ಪರಿಸ್ಥಿತಿ ಸಾಮಾನ್ಯವಾಗಿ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕ್ 2007ರ ಜುಲೈನಲ್ಲಿ ಬಂಡವಾಳ ಬೇಕಾದ್ದಕ್ಕಿಂತ ಹೆಚ್ಚಿದೆ ಅಂತ ಡಿವಿಡೆಂಡ್ ಏರಿಸಿತು. ಮಾರುಕಟ್ಟೆಯಲ್ಲಿ ಸಾಲ ಸಿಗುವುದು ನಿಂತಿತು, ಸೆಪ್ಟೆಂಬರ್‌ನಲ್ಲಿ ಠೇವಣಿದಾರರು ದುಡ್ಡು ವಾಪಸ್ ಕೇಳಿಕೊಂಡು ಶಾಖೆಗಳ ಮುಂದೆ ಕ್ಯೂ ನಿಂತರು.